ಹಿಂದೆ ಸರಿಯಬೇಕಾದವರು ಯಾರು?



ಕುಮಟಾ ತಾಲೂಕಿನ ಗೋಕರ್ಣ ಪೇಟೆಯಿಂದ ಓಂ ಬೀಚ್‌ಗೆ ಹೋಗುವ ದಾರಿಯನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಪೇಟೆಯಿಂದ ಹೊರಟ ರಸ್ತೆ ಕೆಂಪು ಚಿರೆಕಲ್ಲಿನ ಗುಡ್ಡವನ್ನೇರಿ, ತಿರುವುಗಳಲ್ಲಿ ಇಳಿದು, ಎರಡು ಅರ್ಧಚಂದ್ರಗಳು ಕೂಡಿ ‘ಓಂ’ ಅಕ್ಷರದಂತೆ ಕಾಣುವ ಕಡಲತೀರದ ಮೇಲ್ಭಾಗದಲ್ಲಿ ಮುಗಿದುಹೋಗುತ್ತದೆ. ಮುಂದಿರುವುದು ಸಮುದ್ರ. ಅಲ್ಲಿಗೆ ಹೋದ ವಾಹನವೆಲ್ಲ ತಿರುಗಿ ಅದೇ ದಾರಿಯಲ್ಲಿ ಮರಳಲೇಬೇಕು.

ಈ ಇಳಿಜಾರಿನಲ್ಲಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೆಳಗಿಳಿಯುತ್ತಿದೆಯೆಂದು ಊಹಿಸಿಕೊಳ್ಳಿ. ಅಂಥ ಕಾರುಗಳು ನಮಗೆ ತೀರಾ ಅಪರಿಚಿತವೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿಯೇ ತಯಾರಾದ, ಫೈಬರ್ ಗ್ಲಾಸ್ ಮೈಯ ಪುಟ್ಟ ‘ಡಾಲ್ಫಿನ್’ ಕಾರು ರ‍್ಯಾಲಿಗಳಲ್ಲಿಯೂ ಶೋಲಾವರಂನ ಓಟದ ಪಂದ್ಯಗಳಲ್ಲಿಯೂ ಹೆಸರು ಮಾಡಿತ್ತು. 1990ರ ದಶಕದ ಕೊನೆಯಲ್ಲಿ ನೆರೆಯ ಗೋವಾದಿಂದ ಎರಡೇ ಆಸನಗಳ, ಮೇಲ್ಛಾವಣಿ ಬಿಚ್ಚಬಹುದಾದ ‘ಸ್ಯಾನ್ ಸ್ಟಾರ್ಮ್’ ಬಂದಿತು. ಇವುಗಳನ್ನು ಮನೆಯ ಮಗುವಿನಂತೆ ಸಾಕುವವರು ಇಂದಿಗೂ ಇದ್ದಾರೆ. ನಮ್ಮ ಊಹೆಯ ಕಾರು ತಿರುವಿನಲ್ಲಿ ಇಳಿಯುವಾಗ ಎದುರಿನಿಂದ ಪ್ರವಾಸಿಗರನ್ನು ತುಂಬಿಕೊಂಡ ಟೆಂಪೊ ಏರಿ ಬರುತ್ತದೆ. ಎರಡೂ ಏಕಕಾಲಕ್ಕೆ ಸಾಗುವಷ್ಟು ಅಗಲ ಅಲ್ಲಿಲ್ಲ. ಒಬ್ಬರು ಹಿಂದೆ ಸರಿಯಬೇಕು. ಕಾರಿನವನು ಗೇರಿನ ಹಿಡಿಯನ್ನು ರಿವರ್ಸ್‌ಗೆ ಒತ್ತುತ್ತಾನೆ. ಕರ್ರೆಂಬ ಕರ್ಕಶ ಸದ್ದು. ಗೇರ್ ಮಾತ್ರ ಬೀಳುವುದಿಲ್ಲ.

ಹೀಗಾಗುವುದಕ್ಕೆ ಕಾರಣವುಂಟು. 1886ರಲ್ಲಿ ಕಾರ್ಲ್ ಬೆನ್ಜ್ ರೂಪಿಸಿದ ಮೊದಲ ಮೋಟಾರು ಬಂಡಿಗೆ ರಿವರ್ಸ್ ಗೇರೇ ಇರಲಿಲ್ಲ. ಮುಂದೆ ಹೋಗುವುದೇ ಅದ್ಭುತವೆನಿಸಿದ್ದ ಕಾಲವದು. ಅನಂತರ ರಿವರ್ಸ್ ಬಂದರೂ ಅದು ಮಲತಾಯಿಯ ಮಗುವಾಗಿಯೇ ಉಳಿಯಿತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ‘ಸಿಂಕ್ರೊಮೆಶ್’ ಎಂಬ ವ್ಯವಸ್ಥೆ ಬಂದಿತು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಚಕ್ರಗಳನ್ನು ಮೊದಲು ಮೆಲ್ಲನೆ ಉಜ್ಜಿ ಸಮವೇಗಕ್ಕೆ ತಂದು, ಬಳಿಕ ಹಲ್ಲಿಗೆ ಹಲ್ಲು ಕೂಡಿಸುವ ಉಪಾಯವದು. ಮುಂದಿನ ಗೇರುಗಳಿಗೆ ಈ ಸೌಕರ್ಯ ದೊರೆತರೂ ಹೆಚ್ಚಿನ ಹಳೆಯ ಕಾರುಗಳಲ್ಲಿ ರಿವರ್ಸ್‌ಗೆ ದೊರೆಯಲಿಲ್ಲ. ಕಾರು ಪೂರ್ತಿ ನಿಂತ ಮೇಲಷ್ಟೇ ಹಿಂದಕ್ಕೆ ಹೋಗುವುದಲ್ಲವೇ, ಆಗ ಅದರ ಅಗತ್ಯವೇನೆಂಬುದು ತಯಾರಕರ ಲೆಕ್ಕಾಚಾರ. ಆದರೆ ಕಾರು ನಿಂತರೂ ಗೇರ್ ಬಾಕ್ಸಿನ ಒಳಗಿನ ದಂಡ ಕ್ಲಚ್ ಒತ್ತಿದ ಮೇಲೂ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ಹೊರಗೆ ನಿಂತಿದ್ದೇವೆ, ಒಳಗೆ ನಿಂತಿಲ್ಲ! ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ತಾಗಿಸಿದರೆ ಆ ಸದ್ದು ಬಾರದೆ ಇನ್ನೇನು ಬಂದೀತು?

ಅನುಭವಸ್ಥ ಮೆಕ್ಯಾನಿಕ್‌ಗಳು ಹೇಳುವ ಉಪಾಯ ಸರಳ. ಕಾರನ್ನು ಸಂಪೂರ್ಣ ನಿಲ್ಲಿಸಿ, ಕ್ಲಚ್ಚನ್ನು ತಳಮುಟ್ಟ ಒತ್ತಿ, ಮೂರ್ನಾಲ್ಕು ಎಣಿಸುವಷ್ಟು ಕಾಲ ತಾಳಬೇಕು. ಅದೂ ಸಾಲದಿದ್ದರೆ ಕ್ಲಚ್ ಒತ್ತಿಕೊಂಡೇ ಮೊದಲು ಮುಂದಿನ ಒಂದು ಗೇರಿಗೆ ಹಾಕಬೇಕು. ಅಲ್ಲಿನ ಸಿಂಕ್ರೊಮೆಶ್ ಒಳಗಿನ ತಿರುಗಾಟವನ್ನು ತಡೆಯುತ್ತದೆ. ಆ ಕೂಡಲೇ ರಿವರ್ಸ್ ಮೆತ್ತಗೆ ಬೀಳುತ್ತದೆ. ಆದರೂ ಪ್ರತಿಸಲ ಇದೇ ಗೋಳಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಕೇಬಲ್ ಸಡಿಲಾಗಿರಬಹುದು, ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದಿರಬಹುದು. ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ ಆಗಿದ್ದರೆ ಎಣ್ಣೆ ಇಳಿದಿರಬಹುದು, ಇಲ್ಲವೇ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಅಂಗೈಯಿಂದ ಬಡಿದು ಗೇರ್ ಹಾಕುವುದಂತೂ ಕೂಡದು. ಹಾಗೆ ಬಡಿದಾಗಲೆಲ್ಲ ಹಲ್ಲಿನ ಅಂಚು ಸವೆಯುತ್ತದೆ. ಇಂದು ಕಷ್ಟಪಟ್ಟು ಬಿದ್ದ ಗೇರ್ ನಾಳೆ ಇನ್ನಷ್ಟು ಕಷ್ಟಪಡಿಸುತ್ತದೆ.

ಯಂತ್ರದ ಮಾತು ಅಷ್ಟಿರಲಿ. ತಿರುವಿನಲ್ಲಿ ಎದುರುಬದುರಾಗಿ ನಿಂತ ಇಬ್ಬರ ಕಡೆಗೆ ಬರೋಣ. ಯಾರು ಹಿಂದೆ ಸರಿಯಬೇಕು? ನಮ್ಮ ದೇಶದ ರಸ್ತೆ ನಿಯಮದ ಪ್ರಕಾರ, ಕಡಿದಾದ ಇಕ್ಕಟ್ಟು ದಾರಿಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕು. ಇದರಲ್ಲೊಂದು ವಿಚಿತ್ರವಿದೆ. ಏರುತ್ತಿರುವ ಟೆಂಪೊ ಬ್ರೇಕನ್ನು ತುಸು ಸಡಿಲಿಸಿದರೂ ಸಾಕು, ತಾನಾಗಿಯೇ ಹಿಂದಕ್ಕೆ ಉರುಳುತ್ತದೆ. ಇಳಿಯುತ್ತಿರುವ ಕಾರು ಹಿಂದೆ ಹೋಗಬೇಕಾದರೆ ಗುಡ್ಡವನ್ನೇ ಏರಬೇಕು. ರಿವರ್ಸ್ ಗೇರ್ ಇಲ್ಲದೆ ಅದು ಅಸಾಧ್ಯ. ಹಾಗಿದ್ದೂ ಭಾರವನ್ನು ಕಾರಿನವನ ಮೇಲೆಯೇ ಹೊರಿಸಿರುವುದೇಕೆ? ಜನ ತುಂಬಿದ ವಾಹನ ಹಿಂದಕ್ಕೆ ಉರುಳುವುದು ಅಪಾಯವೆಂಬ ಕಾರಣಕ್ಕೆ, ಏರಿನಲ್ಲಿ ನಿಂತ ಭಾರದ ಬಂಡಿಯನ್ನು ಮತ್ತೆ ಹೊರಡಿಸುವುದು ಕಷ್ಟವೆಂಬ ಕಾರಣಕ್ಕೆ. ತಪ್ಪು ಯಾರದೆಂದು ನಿಯಮ ಕೇಳುವುದೇ ಇಲ್ಲವೆಂಬುದನ್ನು ಗಮನಿಸಿ. ಇಬ್ಬರದೂ ತಪ್ಪಲ್ಲ. ರಸ್ತೆ ಕಿರಿದು, ಅಷ್ಟೇ.

ನಮ್ಮ ಮನೆಗಳ ಜಗಳಗಳಲ್ಲಿ ಎಷ್ಟೋ ಇಂಥವೇ ಅಲ್ಲವೇ? ಅಣ್ಣತಮ್ಮಂದಿರ ನಡುವೆ ಹಿತ್ತಲಿನ ಬೇಲಿ, ಅತ್ತೆಸೊಸೆಯರ ನಡುವೆ ಒಂದು ಮಾತು. ‘ತಪ್ಪು ಮಾಡಿದವರು ಮೊದಲು ಬರಲಿ’ ಎಂದು ಇಬ್ಬರೂ ನಿಂತರೆ ವರ್ಷಗಟ್ಟಲೆ ನಿಲ್ಲಬಹುದು. ಹಿಂದೆ ದಾರಿ ಕಾಯುವವರ ಸಾಲು ಬೆಳೆಯುತ್ತಾ ಹೋಗುತ್ತದೆ. ಆದುದರಿಂದ ತಪ್ಪು ಯಾರದೆಂಬುದಕ್ಕಿಂತ, ಯಾರು ಸರಿದರೆ ಅಪಾಯ ಕಡಿಮೆಯೆಂದು ಕೇಳುವುದು ವಿವೇಕ.

ಆದರೆ ಇಲ್ಲಿಯೇ ಅನ್ಯಾಯವೂ ನುಸುಳುತ್ತದೆ. ‘ಸರಿಯಬಲ್ಲವರು ಸರಿಯಲಿ’ ಎಂಬ ಮಾತು ಕೇಳಲು ಹಿತ. ಮನೆಯಲ್ಲಿ ಸುಲಭವಾಗಿ ಸರಿಯಬಲ್ಲವರು ಯಾರು? ಹೆಚ್ಚಾಗಿ ತಾಯಿ, ಕಿರಿಯ ಸೊಸೆ, ಇಲ್ಲವೇ ಎದುರುತ್ತರ ಕೊಡದ ಮಗಳು. ಅವರ ಗೇರ್ ಮೆತ್ತಗಿದೆಯೆಂದು ನಮಗೆ ತಿಳಿದಿದೆ. ಆದುದರಿಂದ ಪ್ರತಿಸಲವೂ ಅವರೇ ಹಿಂದೆ ಸರಿಯುತ್ತಾರೆ. ಕ್ರಮೇಣ ಅವರ ಒಳ್ಳೆಯತನ ಅವರ ಕರ್ತವ್ಯವಾಗುತ್ತದೆ, ಕೊನೆಗೆ ಸರಿದವರೇ ತಪ್ಪಿತಸ್ಥರೆಂಬ ಹೆಸರೂ ಅಂಟುತ್ತದೆ. ಇನ್ನೊಬ್ಬರಿಗೆ ಮಾತ್ರ ಒಂದೇ ಸಬೂಬು: ‘ನನ್ನ ಸ್ವಭಾವವೇ ಹಾಗೆ, ಕ್ಷಮೆ ಕೇಳುವುದು ನನಗೆ ಬರುವುದಿಲ್ಲ.’ ಅಂದರೆ, ನನ್ನ ಕಾರಿನ ರಿವರ್ಸ್ ಬೀಳುವುದಿಲ್ಲ, ನೀವೇ ಹಿಂದೆ ಹೋಗಿ!

ಈ ಸಬೂಬು ಎಷ್ಟರಮಟ್ಟಿಗೆ ಸಲ್ಲುತ್ತದೆ? ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಇದನ್ನೇ ವಿಚಾರಿಸಿದ್ದಾನೆ. ಎಸೆದ ಕಲ್ಲನ್ನು ಮರಳಿ ಕರೆಯಲಾಗದು, ಆದರೆ ಎಸೆಯುವುದೂ ಬಿಡುವುದೂ ಎಸೆದವನ ಕೈಯಲ್ಲಿತ್ತಲ್ಲವೇ ಎಂಬುದು ಅವನ ವಾದದ ತಿರುಳು. ಕುಡಿದು ಅಪರಾಧ ಮಾಡಿದವರಿಗೆ ಎರಡು ಪಟ್ಟು ದಂಡ ವಿಧಿಸುವ ಶಾಸನವನ್ನು ಅವನು ಉದಾಹರಿಸುತ್ತಾನೆ. ಅಮಲಿನಲ್ಲಿದ್ದಾಗ ಅವರಿಗೆ ಅರಿವಿರಲಿಲ್ಲ, ನಿಜ, ಆದರೆ ಅಮಲೇರಿಸಿಕೊಳ್ಳದಿರುವುದು ಅವರಿಗೆ ಸಾಧ್ಯವಿತ್ತು. ನಮ್ಮ ಕಾರಿನವನಿಗೂ ಇದು ಅನ್ವಯಿಸುತ್ತದೆ. ತಿರುವಿನಲ್ಲಿ ನಿಂತ ಆ ಗಳಿಗೆಯಲ್ಲಿ ಅವನು ನಿಜಕ್ಕೂ ಅಸಹಾಯಕ; ಅವನನ್ನು ಬೈದು ಫಲವಿಲ್ಲ. ಆದರೆ ಗೇರ್ ಬೀಳದಿರುವುದು ಅವನಿಗೆ ಇಂದು ಗೊತ್ತಾದದ್ದೇ? ಕಳೆದ ಮಳೆಗಾಲದಿಂದಲೂ ಆ ಸದ್ದನ್ನು ಕೇಳುತ್ತಾ, ಮುಂದೆ ಚೆನ್ನಾಗಿಯೇ ಓಡುತ್ತದಲ್ಲ ಎಂದು ಸುಮ್ಮನಿದ್ದಿದ್ದರೆ, ಅವನ ಹೊಣೆ ಓಂ ಬೀಚ್‌ನ ತಿರುವಿನಲ್ಲಿಲ್ಲ. ಕೇಬಲ್ ಸರಿಪಡಿಸದೆ ಮನೆಯಿಂದ ಹೊರಟ ಬೆಳಗಿನಲ್ಲಿದೆ. ನಾನಂತೂ ಹಠಮಾರಿ ಅಪ್ಪಂದಿರನ್ನು, ಮಾತು ಬಿಟ್ಟ ಅಣ್ಣಂದಿರನ್ನು ಹೀಗೆಯೇ ನೋಡಬಯಸುತ್ತೇನೆ. ಜಗಳದ ನಡುವೆ ಅವರಿಂದ ಕ್ಷಮೆಯನ್ನು ನಿರೀಕ್ಷಿಸುವುದು ಕಷ್ಟ. ಜಗಳವಿಲ್ಲದ ಸಾಧಾರಣ ದಿನಗಳಲ್ಲಿ ಅದನ್ನು ಅಭ್ಯಾಸ ಮಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯ. ಮಗುವಿನ ಮುಂದೆ ‘ನಾನು ಹೇಳಿದ್ದು ತಪ್ಪು ಮಗಾ’ ಎಂದು ಒಮ್ಮೆ ಅಂದವನಿಗೆ ತಮ್ಮನ ಮನೆಯ ಮೆಟ್ಟಿಲು ಅಷ್ಟು ಎತ್ತರ ಕಾಣುವುದಿಲ್ಲ.

ಪದಗಳ ವಿಚಾರವಾಗಿ ಒಂದು ಮಾತು. ‘ಪಶ್ಚಾತ್ತಾಪ’ವೆಂದರೆ ಆಮೇಲಿನ ತಾಪ, ಬೇಯುವಿಕೆ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದೇ ಅರ್ಥದಲ್ಲಿ ಬರುವ ಪದದ ಮೂಲಾರ್ಥ ‘ಹಿಂತಿರುಗು’ ಎಂದು. ಕೆಲವರು ಬೇಯುತ್ತಾರೆ, ತಿರುಗುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ, ಬೆಳಿಗ್ಗೆ ಎದ್ದು ಆ ಮನೆಯ ಮುಂದೆಯೇ ತಲೆ ತಗ್ಗಿಸಿ ಹಾದುಹೋಗುತ್ತಾರೆ. ಹಲ್ಲುಗಳು ಉಜ್ಜಿ ಸದ್ದೂ ಬಿಸಿಯೂ ಹುಟ್ಟುತ್ತವೆ. ಬಂಡಿ ಒಂದು ಗೇಣೂ ಹಿಂದೆ ಹೋಗಿರುವುದಿಲ್ಲ. ಅವರನ್ನು ಕಲ್ಲುಹೃದಯದವರೆಂದು ಕರೆಯುವುದು ಸರಿಯಲ್ಲ. ಒಳಗಿನ ತಿರುಗಾಟ ನಿಲ್ಲಲು ಅವರಿಗೆ ತುಸು ಹೊತ್ತು ಬೇಕು.

ಆ ಹೊತ್ತನ್ನು ಕೊಡಬೇಕಾದವನು ಎದುರಿನ ಟೆಂಪೊದವನು. ನಿಯಮ ತನ್ನ ಪರವಾಗಿದೆಯೆಂದು ಅವನು ಹಾರ್ನ್ ಒತ್ತುತ್ತಾ ಕಾರಿನ ಮೂತಿಗೆ ಮೂತಿ ತಾಗಿಸಿದರೆ, ಕಾರಿನವನು ಗಾಬರಿಯಿಂದ ಮತ್ತೆ ಗೇರಿನ ಹಿಡಿಯನ್ನು ಬಡಿಯುತ್ತಾನೆ. ಹತ್ತು ಅಡಿ ದೂರದಲ್ಲಿ ನಿಂತು ಎಂಜಿನ್ ಆರಿಸಿದರೆ ಅರ್ಧ ಕೆಲಸ ಆದಂತೆ. ಇನ್ನೊಂದು ಸಂಗತಿಯನ್ನೂ ಹಳೆಯ ಚಾಲಕರು ಬಲ್ಲರು. ಕೆಲವೊಮ್ಮೆ ದಂಡದ ತಿರುಗಾಟ ಪೂರ್ತಿ ನಿಂತಿದ್ದರೂ ಹಲ್ಲಿನ ತುದಿಗೆ ಹಲ್ಲಿನ ತುದಿಯೇ ಎದುರಾಗಿ ನಿಂತು ಗೇರ್ ಬೀಳುವುದಿಲ್ಲ. ಆಗ ಒಳಗೆ ಕುಳಿತವನು ಎಷ್ಟು ಒತ್ತಿದರೂ ವ್ಯರ್ಥ. ಕ್ಲಚ್ ಒತ್ತಿಕೊಂಡು, ಬ್ರೇಕಿನ ಮೇಲೆ ಕಾಲಿಟ್ಟೇ ಅದನ್ನು ತುಸು ಸಡಿಲಿಸಬೇಕು. ಹೊರಗಿನಿಂದ ಯಾರಾದರೂ ಬಂದು ಕಾರಿನ ಬದಿಗೆ ಕೈಯಿಟ್ಟು ಅದನ್ನು ಮೆಲ್ಲಗೆ ಅಲುಗಿಸಬೇಕು. ಚಕ್ರ ನಾಲ್ಕು ಬೆರಳಿನಷ್ಟು ಉರುಳಿದರೂ ಹಲ್ಲುಗಳು ಪಕ್ಕಕ್ಕೆ ಜರುಗಿ ಸಂದಿಗೆ ಸೇರುತ್ತವೆ. ಆ ಇಕ್ಕಟ್ಟಿನ ತಿರುವಿನಲ್ಲಿ ಇಳಿದು ಬಂದು ಕೈಯಿಡಲು ಅತ್ಯಂತ ಹತ್ತಿರದಲ್ಲಿರುವವನು ಟೆಂಪೊದವನೇ.