ತಲೆದಿಂಬಿನ ಹಿಂದಿನ ಜಾಗ

ಜೋಗೇಶ್ವರಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಮಗ್ಗುಲಲ್ಲೇ, ಮುಂಬಯಿ ಮಹಾನಗರಪಾಲಿಕೆಯ ಟ್ರಾಮಾ ಆಸ್ಪತ್ರೆಯಿದೆ. ಬಾಗಿಲು ತೆರೆದದ್ದು 2013ರಲ್ಲಿ. ಪೆಟ್ಟು ತಿಂದು ಬರುವವರಿಗೆಂದೇ ಇರುವ ಇಂಥ ಆಸ್ಪತ್ರೆಯ ಐಸಿಯು ನಕ್ಷೆ ಬರೆಯುವಾಗ ಮೇಜಿನ ಸುತ್ತ ಯಾರಿರಬೇಕು ಎಂಬುದು ಇಲ್ಲಿ ವಿಷಯ. ವಾಸ್ತುಶಿಲ್ಪಿ, ಇಂಜಿನಿಯರು, ವೈದ್ಯರು ಸಾಕೋ, ನರ್ಸೂ ಬೇಕೋ ಎಂಬುದು ಸಂಶಯ. ಬೇಕೇ ಬೇಕು, ಅದೂ ಮೊದಲ ಗೆರೆ ಎಳೆಯುವ ದಿನವೇ ಬೇಕು ಎಂಬುದು ನನ್ನ ಸಿದ್ಧಾಂತ.

ಕಾರಣ ಹಾಸಿಗೆಯ ತಲೆಭಾಗದಲ್ಲಿದೆ. ವೆಂಟಿಲೇಟರ್ ಮೇಲಿರುವ ರೋಗಿಯ ಗಂಟಲ ಕೊಳವೆ ಕಟ್ಟಿಕೊಂಡರೆ ಯಾರಾದರೂ ತಲೆಯ ಹಿಂದೆ ಹೋಗಿ ನಿಲ್ಲಬೇಕು. ಆಕ್ಸಿಜನ್, ಸಕ್ಷನ್, ಪ್ಲಗ್ಗುಗಳೆಲ್ಲ ಹಿಂಗೋಡೆಯಲ್ಲಿದ್ದು ಮಂಚ ಅದಕ್ಕೆ ಅಂಟಿಕೊಂಡಿದ್ದರೆ, ಮೊದಲು ಮಂಚ ಎಳೆಯಬೇಕು, ವೈರು ದಾಟಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಎರಡೂ ಬದಿ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಬೇಕು. ಕಾಗದದ ಮೇಲೆ ಇದ್ಯಾವುದೂ ಕಾಣದು. ರೋಗಿ ನರ್ಸಿನ ಕಣ್ಣಿಗೆ ಬೀಳುತ್ತಾನೋ ಇಲ್ಲವೋ ಎಂಬುದೂ ಅಷ್ಟೇ: ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಐಸಿಯು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ನರ್ಸ್ ಸ್ಟೇಷನ್ನಿಗೆ ಸರಿಯಾಗಿ ಕಾಣದ ಕೋಣೆಗಳಲ್ಲಿ ಅತಿ ಗಂಭೀರ ರೋಗಿಗಳ ಸಾವು ಹೆಚ್ಚೆಂದು ಕಂಡುಕೊಂಡಿತ್ತು.

ವೈದ್ಯರನ್ನು ಕೇಳಿದರೆ ಸಾಲದೇ ಎಂಬುದು ಮೊದಲ ಪೂರ್ವಪಕ್ಷ. ಸಾಲದು. ಹಿರಿಯ ವೈದ್ಯರು ರೌಂಡಿಗೆ ಬಂದು ಹೋಗುತ್ತಾರೆ. ನರ್ಸ್ ಪಾಳಿಯುದ್ದಕ್ಕೂ ಅಲ್ಲೇ ನಿಂತಿರುತ್ತಾಳೆ.

ಅವಳಿಗೆ ನಕ್ಷೆ ಓದಲು ಬಾರದಲ್ಲ? ಬಾರದಿರಬಹುದು. ಖಾಲಿ ನೆಲದ ಮೇಲೆ ಪೂರ್ಣ ಅಳತೆಗೆ ಟೇಪು ಅಂಟಿಸಿ, ನಿಜವಾದ ಮಂಚ, ವೆಂಟಿಲೇಟರ್, ಟ್ರಾಲಿ ಇಟ್ಟು, ರಾತ್ರಿಪಾಳಿಯ ಕೆಲಸ ಮಾಡಿ ತೋರಿಸಿ ಎನ್ನಿ. ಟ್ರಾಲಿ ಎಲ್ಲಿ ತಿರುಗದು ಎಂಬುದು ಅಲ್ಲೇ ತಿಳಿಯುತ್ತದೆ. ಅಷ್ಟಕ್ಕೂ 1859ರಲ್ಲೇ ಆಸ್ಪತ್ರೆ ಕಟ್ಟಡಗಳ ಬಗ್ಗೆ ಪುಸ್ತಕ ಬರೆದ ಫ್ಲಾರೆನ್ಸ್ ನೈಟಿಂಗೇಲ್ ನರ್ಸೇ ಅಲ್ಲವೇ?

ಮೂರನೆಯ ಆಕ್ಷೇಪಕ್ಕೆ ತೂಕವಿದೆ: ಮುಂಬಯಿಯಲ್ಲಿ ಚದರಡಿಗೆ ಚಿನ್ನದ ಬೆಲೆ, ನರ್ಸ್ ಕೇಳಿದ್ದಕ್ಕೆಲ್ಲ ಜಾಗವೆಲ್ಲಿ? ಎಲ್ಲಕ್ಕೂ ಇಲ್ಲ, ಒಪ್ಪುತ್ತೇನೆ. ಆದರೆ ಜಾಗ ಸಾಲದಾಗ ನಕ್ಷೆಯಿಂದ ಸುಲಭವಾಗಿ ಅಳಿಸಿಹೋಗುವುದು ನರ್ಸ್‌ಗಳು ಬಟ್ಟೆ ಬದಲಿಸುವ, ಒಂದಿಷ್ಟು ಕೂರುವ ಕೋಣೆ. ಹೊನ್ನಾವರ ಕಡೆಯ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಮೇಲೆ 1973ರ ನವೆಂಬರ್ 27ರಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ದಾಳಿಯಾದದ್ದು, ಆಕೆ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ. ಅದನ್ನು ನೆನೆದರೆ ಚದರಡಿಯ ಲೆಕ್ಕ ಹೇಳಲು ನನಗೆ ಬಾಯಿ ಬರುವುದಿಲ್ಲ. 2015ರ ಮೇ 18ರಂದು ಆಕೆ ತೀರಿಕೊಳ್ಳುವವರೆಗೆ, ನಾಲ್ಕು ದಶಕಕ್ಕೂ ಮಿಕ್ಕಿ, ಆ ದಾಳಿಯಿಂದ ಹಾಸಿಗೆ ಹಿಡಿದ ಆಕೆಯನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಹಾಸಿಗೆ ಹುಣ್ಣು ಆಗಗೊಡಲಿಲ್ಲ. ಹಾಸಿಗೆಯ ಸುತ್ತ ಎಷ್ಟು ಜಾಗ ಬೇಕೆಂದು ಅಂಥವರನ್ನು ಬಿಟ್ಟು ಇನ್ಯಾರನ್ನು ಕೇಳೋಣ?

ಉಳಿದದ್ದು ವರ್ಗಾವಣೆಯ ಮಾತು: ಇಂದು ಹೇಳಿದವಳು ನಾಳೆ ಇರುವುದಿಲ್ಲ. ಹಾಗಿದ್ದರೆ ಒಬ್ಬಳನ್ನೇ ಕೇಳಬೇಡಿ. ಪ್ರತಿ ಪಾಳಿಯಿಂದ ಒಬ್ಬೊಬ್ಬರನ್ನು, ಹೊಸಬಳೊಬ್ಬಳನ್ನೂ ಸೇರಿಸಿ ಕರೆಯಿರಿ. ಆ ದಿನ ಅವರಿಗೆ ವಾರ್ಡಿನ ಡ್ಯೂಟಿ ಇರಬಾರದು, ಸಂಬಳ ಇರಬೇಕು. ರಾತ್ರಿಪಾಳಿ ಮುಗಿಸಿ ಲೋಕಲ್ ಹಿಡಿಯಲು ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ನಕ್ಷೆಗೆ ಸಹಿ ಹಾಕಿಸಿಕೊಳ್ಳುವುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.