ಊರು ಬರೆಸಿದ ಅಂಕಿ

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಬೆಟ್ಟದಂಚಿನ ಹಳ್ಳಿಯಲ್ಲಿ ನರ್ಸಮ್ಮ ಬಸುರಿಯ ಪಕ್ಕ ಕೂತು, "ಕೊನೇ ಸಲ ಮುಟ್ಟಾದದ್ದು ಯಾವಾಗಮ್ಮ?" ಎಂದು ಕೇಳುತ್ತಾಳೆ. ಆರೋಗ್ಯ ಇಲಾಖೆಯ ಬಿಗ್ ಡೇಟಾ ಹುಟ್ಟುವುದು ಅಲ್ಲಿ. ಆ ಹೆಂಗಸು ನಿಜ ಹೇಳಬೇಕಾದರೆ ನಂಬಿಕೆ ಬೇಕು. ಸಾಫ್ಟ್‌ವೇರಿಗೆ ಟೆಂಡರ್ ಕರೆಯಬಹುದು, ನಂಬಿಕೆಗೆ ಕರೆಯಲಾಗದು.

*

ತೊಂಬತ್ತರ ದಶಕದಲ್ಲಿ ಧರ್ಮಪುರಿ, ಸೇಲಂ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ರಿಜಿಸ್ಟರುಗಳಲ್ಲಿ ಕೆಲವು ಹಸುಗೂಸುಗಳ ಸಾವಿನ ಮುಂದೆ 'ಸಾಮಾಜಿಕ ಕಾರಣ' ಎಂದು ಬರೆದಿರುತ್ತಿತ್ತು. ಅವು ಹೆಣ್ಣುಕೂಸುಗಳು. ಕೊಂದರು ಎಂದು ಬರೆದರೆ ನರ್ಸು ಮತ್ತೆ ಆ ಊರಿಗೆ ಕಾಲಿಡುವುದು ಕಷ್ಟ. ಬರೆಯದೇ ಬಿಟ್ಟರೆ ಕೂಸಿನ ಸಾವಿಗೆ ಸಾಕ್ಷಿಯೇ ಇಲ್ಲ. ಐಎಎಸ್ ಅಧಿಕಾರಿ ಶೀಲಾ ರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವಿ. ಬಿ. ಆತ್ರೇಯ ಇಂಥ ದಾಖಲೆಗಳನ್ನು ಕಲೆಹಾಕಿ 1997ರಲ್ಲಿ ಪ್ರಕಟಿಸಿದರು. ಮರುವರ್ಷ ಧರ್ಮಪುರಿಯ ಹಳ್ಳಿಗಳಲ್ಲಿ ಹೆಣ್ಣು ಶಿಶುಹತ್ಯೆಯ ವಿರುದ್ಧ ಬೀದಿನಾಟಕದ ತಂಡಗಳು ಸುತ್ತಿದವು. ಬರೆದವಳಿಗೆ ಧೈರ್ಯವಿತ್ತು, ಓದಿದವರಿಗೆ ಕಣ್ಣಿತ್ತು. ಇಂದಿನ ಸರ್ವರುಗಳಿಗೂ ಬೇಕಾದದ್ದು ಈ ಎರಡೇ.

*

2001ರ ಜನಗಣತಿ: ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ ಧರ್ಮಪುರಿಯಲ್ಲಿ 826 ಹೆಣ್ಣುಮಕ್ಕಳು, ಸೇಲಂನಲ್ಲಿ 851. ಅಂಕಿ ಕೈಗೆ ಬಂದ ಮೇಲೆ ಸುಮ್ಮನಿರುವುದೂ ಒಂದು ತೀರ್ಮಾನವೇ.

*

ಇದೇ ಸೀಮೆಯ, ಮನೆಯಲ್ಲಿ ಕನ್ನಡವಾಡುವ ಗೌರಮ್ಮ ತಮಿಳು ಚೀಟಿಯಿಂದ ಇಂಗ್ಲಿಷ್ ಪರದೆಗೆ ಇಳಿಯುವಷ್ಟರಲ್ಲಿ ಕೌರಮ್ಮ ಆಗಿರಬಹುದು. ಮದುವೆಗೆ ಮುಂಚೆ ಅವಳ ಹೆಸರಿನ ಹಿಂದೆ ಅಪ್ಪನ ಮೊದಲಕ್ಷರ, ಆಮೇಲೆ ಗಂಡನದು. ಕಂಪ್ಯೂಟರಿನ ಲೆಕ್ಕಕ್ಕೆ ಇವರು ಮೂವರು. ಮೊದಲ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿತ್ತು ಎಂಬ ಸಂಗತಿ ಮೂವರಲ್ಲಿ ಒಬ್ಬಳ ಬಳಿ ಮಾತ್ರ ಉಳಿಯುತ್ತದೆ. ಎರಡನೇ ಹೆರಿಗೆಗೆ ಬಂದವಳು ಇನ್ನೊಬ್ಬಳು.

*

ತಮಿಳುನಾಡಿನಲ್ಲಿ ಬಸುರಿಯರನ್ನು ನೋಂದಾಯಿಸುವ ಪಿಕ್‌ಮಿ ವ್ಯವಸ್ಥೆಯ ನಂಬರು ಒಂದು. ಕರ್ನಾಟಕದ ತಾಯಿ ಕಾರ್ಡಿನ ನಂಬರು ಇನ್ನೊಂದು. ಕಟ್ಟಡ ಕೆಲಸಕ್ಕೆಂದು ಧರ್ಮಪುರಿಯಿಂದ ಬೆಂಗಳೂರಿಗೆ ಬಂದವಳು ಏಳು ತಿಂಗಳಲ್ಲಿ ಎರಡೂ ಪಡೆದಿರಬಹುದು. ಅಲ್ಲಿನ ಪಟ್ಟಿಯಲ್ಲಿ ಅವಳು ತಪಾಸಣೆಗೆ ಬಾರದವಳು, ಇಲ್ಲಿನ ಪಟ್ಟಿಯಲ್ಲಿ ತಡವಾಗಿ ಬಂದವಳು. ಎರಡೂ ಕಡೆ ತಪ್ಪು ಅವಳದೇ ಎಂಬಂತೆ ಕಾಣುತ್ತದೆ. ರಕ್ತಹೀನತೆಯೊಂದೇ ಗಡಿಯಲ್ಲಿ ನಿಲ್ಲದೆ ಅವಳ ಜೊತೆ ಬರುತ್ತದೆ.

*

ಭ್ರೂಣದ ಲಿಂಗಪತ್ತೆ ತಡೆಯುವ ಕಾನೂನಿನಡಿ ಪ್ರತಿ ಬಸುರಿಯ ಸ್ಕ್ಯಾನಿಂಗಿಗೂ ಒಂದು 'ಎಫ್' ನಮೂನೆ ತುಂಬಬೇಕು, ಮುಂದಿನ ತಿಂಗಳ ಐದರೊಳಗೆ ವರದಿ ಕಳಿಸಬೇಕು. ತುಂಬುವವರ ಮೇಲೆ ಕಾನೂನಿನ ಒತ್ತಾಯವಿದೆ. ಓದಲೇಬೇಕೆಂದು ಯಾರನ್ನು ಒತ್ತಾಯಿಸುತ್ತಿದ್ದೇವೆ?

*

ಧರ್ಮಪುರಿ, ಸೇಲಂ ಎರಡೂ ಜಿಲ್ಲೆಗಳಲ್ಲಿ ಫ್ಲೋರೈಡ್ ನೀರಿನ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಮಕ್ಕಳ ಹಲ್ಲು ಕಂದು ಪಟ್ಟೆಯಾಗುತ್ತದೆ, ವರ್ಷಗಟ್ಟಲೆ ಕುಡಿದವರ ಬೆನ್ನು ಬಾಗದಂತೆ ಬಿಗಿಯುತ್ತದೆ. ಬೋರ್‌ವೆಲ್ಲಿನ ವರದಿ ನೀರಿನ ಇಲಾಖೆಯಲ್ಲಿ, ಹಲ್ಲಿನ ವರದಿ ಶಾಲಾ ತಪಾಸಣೆಯಲ್ಲಿ, ಬೆನ್ನಿನ ಚೀಟಿ ಜಿಲ್ಲಾಸ್ಪತ್ರೆಯಲ್ಲಿ ಇದ್ದರೆ ಕಾಯಿಲೆಗೆ ಕಾರಣ ಯಾರ ಕಣ್ಣಿಗೂ ಬೀಳದು. ಧರ್ಮಪುರಿ, ಕೃಷ್ಣಗಿರಿಗೆ ಹೊಗೇನಕಲ್ಲಿನ ಕಾವೇರಿ ನೀರು ತರುವ ಯೋಜನೆ ಚಾಲೂ ಆದದ್ದು 2013ರಲ್ಲಿ. ಈಗ ಆ ಊರುಗಳ ಮಕ್ಕಳ ಹಲ್ಲನ್ನು ವರ್ಷ ವರ್ಷ ನೋಡಿ ನೀರಿನ ಲೆಕ್ಕದ ಪಕ್ಕದಲ್ಲಿಟ್ಟರೆ, ಯಾವ ನಲ್ಲಿಗೆ ನದಿ ನೀರು ಬರುತ್ತಿದೆ, ಯಾವುದಕ್ಕೆ ಮತ್ತೆ ಬೋರ್ ನೀರೇ ಸೇರುತ್ತಿದೆ ಎಂಬ ಸುಳಿವು ಸಿಗುತ್ತದೆ. ದೊಡ್ಡ ಯಂತ್ರ ಬೇಕಿಲ್ಲ. ಮೂರು ಇಲಾಖೆಯವರು ಒಂದೇ ಮೇಜಿಗೆ ಬರಬೇಕು, ಅಷ್ಟೇ.

*

ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' (ಜನರನ್ನು ಅರಸಿ ಬರುವ ವೈದ್ಯ) ಯೋಜನೆ 2021ರ ಆಗಸ್ಟ್‌ನಲ್ಲಿ ಶುರುವಾದದ್ದು ಕೃಷ್ಣಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ. 2004ರವರೆಗೆ ಆ ನೆಲವೂ ಧರ್ಮಪುರಿಯದೇ. ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಅಳತೆ ತೆಗೆದುಕೊಂಡ ಕೈ ಮಾತ್ರೆಯನ್ನೂ ಕೊಟ್ಟರೆ ಮುಂದಿನ ಸಲ ಅಜ್ಜಿ ತಾನೇ ತೋಳು ಚಾಚುತ್ತಾಳೆ. ಒಳ್ಳೆಯ ಮಾಹಿತಿ ಬರುವ ದಾರಿ ಇದು.

*

ಎರಡು ಹೆಣ್ಣು ಹೆತ್ತವಳ ಮೂರನೇ ಬಸುರಿನ ಮೇಲೆ ಕಣ್ಣಿಡಬೇಕಾಗಿ ಬಂದ ಸೀಮೆ ಇದು. ಅದೇ ಮಾಹಿತಿ ಕೂಸನ್ನು ಉಳಿಸಬಹುದು. ಕೈತಪ್ಪಿದರೆ ತಾಯಿಯನ್ನು ಬೀದಿಯ ಬಾಯಿಗೆ ಹಾಕಬಹುದು. 2023ರ ದತ್ತಾಂಶ ರಕ್ಷಣೆಯ ಕಾಯ್ದೆ ದೊಡ್ಡ ಮಾತು. ನರ್ಸಮ್ಮನ ಮೊಬೈಲಿಗೆ ಬೀಗವಿದೆಯೇ ಎಂದು ನೋಡುವುದು ಸಣ್ಣ ಮಾತು. ಮೊದಲು ಸಣ್ಣದು ಆಗಲಿ.

*

ಆ್ಯಪ್ ಬಂದ ದಿನವೇ ರಿಜಿಸ್ಟರನ್ನು ನಿಲ್ಲಿಸುವ ಎದೆಗಾರಿಕೆ ಕಚೇರಿಗೆ ಇರಬೇಕು. ಎರಡನ್ನೂ ತುಂಬು ಎಂದರೆ ನರ್ಸಮ್ಮನ ಸಂಜೆ ಹೋಗುತ್ತದೆ, ಅಂಕಿಯ ನಿಜವೂ ಹೋಗುತ್ತದೆ.

*

ನರ್ಸಮ್ಮ ತಿಂಗಳುದ್ದಕ್ಕೂ ಕಳಿಸಿದ್ದಕ್ಕೆ ಮೇಲಿನಿಂದ ಒಂದು ಉತ್ತರ ಬರಲಿ: ನಿನ್ನ ಊರಿನಲ್ಲಿ ಇಷ್ಟು ಬಸುರಿಯರ ರಕ್ತ ಕಮ್ಮಿಯಿದೆ, ಇಂಥಿಂಥವರನ್ನು ಈ ವಾರ ಮತ್ತೆ ನೋಡು, ಕಬ್ಬಿಣದ ಮಾತ್ರೆ ಸೋಮವಾರ ತಲುಪುತ್ತದೆ.