ಹಿಮದ ಬೊಂಬೆಯ ಕರ್ತೃ ಯಾರು?

ಮಕ್ಕಳ ಆಟವು ಕೇವಲ ಕಾಲಯಾಪನೆಯೆಂದು ತಿಳಿಯುವವರು ಲೋಕದಲ್ಲಿ ಬಹುಮಂದಿ. ಆದರೆ ದೊಡ್ಡವರ ವ್ಯವಹಾರದಲ್ಲಿ ಮರೆಯಾಗಿರುವ ಎಷ್ಟೋ ಧರ್ಮಸೂಕ್ಷ್ಮಗಳು ಮಕ್ಕಳ ಆಟದಲ್ಲಿ ಬಯಲಾಗಿ ಕಾಣುವುವು. ಐದು ವರ್ಷದ ಮಗುವೊಂದು ತನ್ನ ಕೈಯಲ್ಲಿರುವ ವಸ್ತುವನ್ನು ಎತ್ತಿ ತೋರಿಸಿ, “ಇದನ್ನು ನಾನೇ ಮಾಡಿದೆ” ಎಂದು ಹೇಳುತ್ತದೆ. ಆ ಮಾತು ಯಾವಾಗ ಸತ್ಯ, ಯಾವಾಗ ಅಸತ್ಯ? ಅದು ಸತ್ಯವಾಗಬೇಕಾದರೆ ಹಿರಿಯರು ಏನನ್ನು ಮಾಡಬೇಕು, ಏನನ್ನು ಮಾಡದೆ ಬಿಡಬೇಕು? ಶೀತದೇಶಗಳ ಮಕ್ಕಳು ಚಳಿಗಾಲದಲ್ಲಿ ಮಾಡುವ ಹಿಮದ ಬೊಂಬೆಯು ಈ ವಿಚಾರಕ್ಕೆ ತಕ್ಕ ನಿದರ್ಶನವಾಗಿದೆ.

ಬಿದ್ದ ಹಿಮವೆಲ್ಲವೂ ಬೊಂಬೆಗೆ ಒದಗುವುದಿಲ್ಲ. ಕಡುಚಳಿಯಲ್ಲಿ ಬಿದ್ದ ಒಣ ಹಿಮವು ಹಿಟ್ಟಿನಂತೆ ಉದುರಿಹೋಗುತ್ತದೆ. ಉಷ್ಣತೆಯು ಸೆಂಟಿಗ್ರೇಡಿನ ಸೊನ್ನೆಯ ಸಮೀಪದಲ್ಲಿದ್ದು ಹಿಮದ ಕಣಗಳ ನಡುವೆ ತುಸು ನೀರಿನ ಪಸೆಯಿದ್ದರೆ ಮಾತ್ರ ಅದು ಉಂಡೆ ಕಟ್ಟುತ್ತದೆ. ಮಗುವು ಒಂದು ಹಿಡಿಯಷ್ಟು ಉಂಡೆಯನ್ನು ನೆಲದ ಹಿಮದ ಮೇಲೆ ಉರುಳಿಸುತ್ತ ಹೋದಂತೆ ಅದು ತನಗೆ ತಾನೇ ಬೆಳೆಯುತ್ತದೆ. ಅಮೆರಿಕದ ಮಕ್ಕಳು ಸಾಮಾನ್ಯವಾಗಿ ಮೂರು ಉಂಡೆಗಳನ್ನು ಒಂದರ ಮೇಲೊಂದು ಇಟ್ಟು, ಇದ್ದಿಲಿನಿಂದ ಕಣ್ಣನ್ನೂ ಗಜ್ಜರಿಯಿಂದ ಮೂಗನ್ನೂ ಮಾಡುತ್ತಾರೆ. ಜಪಾನಿನ ಮಕ್ಕಳಿಗೆ ಎರಡೇ ಉಂಡೆ ಸಾಕು. ಅಲ್ಲಿ ಅದರ ಹೆಸರು ಯುಕಿದರುಮ. ಯುಕಿಯೆಂದರೆ ಹಿಮ, ದರುಮನೆಂದರೆ ದಕ್ಷಿಣ ಭಾರತದಿಂದ ಚೀನಕ್ಕೆ ಹೋದನೆಂದು ಪರಂಪರೆಯು ಹೇಳುವ ಬೋಧಿಧರ್ಮ. ಆ ಮಹಾತ್ಮನ ಹೆಸರಿನಲ್ಲಿ ಜಪಾನೀಯರು ಕೈಕಾಲಿಲ್ಲದ ಗುಂಡನೆಯ ಬೊಂಬೆಯನ್ನು ಮಾಡುವ ರೂಢಿಯುಂಟು. ಹಿಮದ ಬೊಂಬೆಯೂ ಅದೇ ಆಕಾರದ್ದು. ದೇಶ ಯಾವುದೇ ಆಗಲಿ, ಉಂಡೆಯನ್ನು ಉರುಳಿಸುವ ಕೈ ಮಗುವಿನದು; ತಲೆ ಜಾರಿ ಬಿದ್ದರೆ ಮತ್ತೆ ಎತ್ತಿಡುವ ಶ್ರಮವೂ ಮಗುವಿನದೇ. ಆದುದರಿಂದ ಆ ಬೊಂಬೆಯ ವಿಷಯದಲ್ಲಿ “ನಾನೇ ಮಾಡಿದೆ” ಎಂಬ ಮಾತಿಗೆ ಬಾಧಕವಿಲ್ಲ.

ಹೊರಗೆ ಹಿಮಗಾಳಿ ಬೀಸುವಾಗಲೂ, ಹಿಮವೇ ಬೀಳದ ಊರುಗಳಲ್ಲಿಯೂ, ಇದೇ ಬೊಂಬೆಯನ್ನು ಮನೆಯೊಳಗೆ ಹತ್ತಿ, ಕಾಗದ, ಗುಂಡಿಗಳಿಂದ ಮಾಡಿಸುವುದುಂಟು. ಕಾಗದದ ತಟ್ಟೆಗೆ ಅಂಟು ಸವರಿ ಹತ್ತಿಯನ್ನು ಮೆತ್ತುವುದು ಒಂದು ವಿಧ. ಬಿಳಿಯ ಕಾಲುಚೀಲದಲ್ಲಿ ಅಕ್ಕಿಯನ್ನು ತುಂಬಿ ಎರಡೆಡೆಯಲ್ಲಿ ದಾರ ಬಿಗಿದು ತಲೆಯನ್ನೂ ಹೊಟ್ಟೆಯನ್ನೂ ತೋರಿಸುವುದು ಇನ್ನೊಂದು. ಇವಕ್ಕೆ ಎಳೆಯ ಮಕ್ಕಳ ಸುಲಭ ಕೈಗೆಲಸವೆಂದು ಹೆಸರು. ಕೆಡಕು ಈ ಸೌಲಭ್ಯದ ನೆವದಲ್ಲಿಯೇ ಒಳಹೊಗುವ ಸಂಭವವಿದೆ. ಸುಲಭವಾಗಲೆಂದು ಹಿರಿಯರು ವೃತ್ತಗಳನ್ನು ಕತ್ತರಿಸಿಡುತ್ತಾರೆ. ಕಣ್ಣಿನ ಸ್ಥಾನವನ್ನು ಸೀಸದ ಕಡ್ಡಿಯಿಂದ ಗುರುತು ಮಾಡುತ್ತಾರೆ. ಮಗುವು ಮೂಗನ್ನು ಕೆನ್ನೆಯ ಮೇಲೆ ಅಂಟಿಸಿದರೆ ಅದನ್ನು ಕಿತ್ತು ನಡುವೆ ಅಂಟಿಸುತ್ತಾರೆ. ಹೀಗೆ ಮಾಡಿದ ಹನ್ನೆರಡು ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿದರೆ ಹನ್ನೆರಡಕ್ಕೂ ಒಂದೇ ಮುಖ. ಹನ್ನೆರಡು ಮಕ್ಕಳಿಗೆ ಒಂದೇ ಮುಖವು ತೋರಿತೆ? ಅದು ಯಾರ ಮನಸ್ಸಿನ ಮುಖ?

ಇಲ್ಲಿ ವ್ಯಾಕರಣಶಾಸ್ತ್ರವು ಧರ್ಮಜಿಜ್ಞಾಸೆಗೆ ನೆರವಾಗುತ್ತದೆ. ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನನ್ನೇ ಪಾಣಿನಿಯು ಕರ್ತೃವೆಂದು ಕರೆದನು. ಕ್ರಿಯೆಯ ಸಿದ್ಧಿಗೆ ಅತ್ಯಂತ ಉಪಕಾರಕವಾದುದಕ್ಕೆ ಕರಣವೆಂದು ಹೆಸರಿಟ್ಟನು. ಕರ್ತೃವನ್ನು ಪ್ರೇರಿಸುವವನಿಗೆ ಹೇತುವೆಂಬ ಸಂಜ್ಞೆಯನ್ನು ಕೊಟ್ಟು, ಅವನಿಗೂ ಕರ್ತೃವೆಂಬ ಗೌರವವನ್ನು ಉಳಿಸಿದನು. ಕನ್ನಡದಲ್ಲಿ ಮಾಡುವವನು, ಮಾಡಿಸುವವನು ಎಂದು ಬೇರೆಬೇರೆಯಾಗಿ ಹೇಳುವುದು ಈ ಭೇದವನ್ನೇ. ತಾಯಿಯು ಮಗುವಿನಿಂದ ಬೊಂಬೆಯನ್ನು ಮಾಡಿಸಿದಳೆಂದರೆ ತಾಯಿ ಹೇತು, ಮಗು ಕರ್ತೃ; ಇಬ್ಬರಿಗೂ ಮಾನವಿದೆ. ಆದರೆ ಆಕಾರವನ್ನೂ ಸ್ಥಾನವನ್ನೂ ತಾಯಿಯೇ ನಿಶ್ಚಯಿಸಿ, ಅಂಟಿಸುವುದಕ್ಕೆ ಮಾತ್ರ ಮಗುವಿನ ಬೆರಳನ್ನು ಬಳಸಿದರೆ, ಮಗುವು ಕರ್ತೃಪದವಿಯಿಂದ ಜಾರಿ ಕತ್ತರಿಯಂತೆ, ಅಂಟಿನ ಕಡ್ಡಿಯಂತೆ, ಒಂದು ಕರಣವಾಗುತ್ತದೆ.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ಅಕ್ಷರಾಭ್ಯಾಸದ ದಿನ ಗುರುವು ಮಗುವಿನ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ಓಂಕಾರವನ್ನು ಬರೆಯಿಸುವುದಿಲ್ಲವೆ? ಅಲ್ಲಿ ಕೈಹಿಡಿದು ನಡೆಸುವುದು ಅನುಗ್ರಹವಾದರೆ ಇಲ್ಲಿ ಮಾತ್ರ ಅದು ಅಪಹಾರ ಹೇಗಾಯಿತು? ಇದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಉತ್ತರವು ಎರಡು ಬಗೆಯದು. ಮೊದಲನೆಯದಾಗಿ, ಓಂಕಾರದ ಆಕಾರವು ಮಗುವಿನ ಇಚ್ಛೆಗೆ ಬಿಟ್ಟದ್ದಲ್ಲ. ಲಿಪಿಯು ಸಮಸ್ತರಿಗೂ ಸಮಾನವಾಗಿದ್ದರೆ ಮಾತ್ರ ಲಿಪಿ. ಬೊಂಬೆಯ ಮುಖಕ್ಕೆ ಅಂತಹ ನಿಯಮವಿಲ್ಲ. ಎರಡನೆಯದಾಗಿ, ಆ ದಿನ ಅಕ್ಕಿಯ ಮೇಲೆ ಮೂಡಿದುದನ್ನು ಮಗುವಿನ ಬರಹವೆಂದು ಯಾರೂ ಹೊಗಳುವುದಿಲ್ಲ. ಗುರುವು ಕೈಹಿಡಿಯುವುದು ಮುಂದೆ ಬಿಡುವುದಕ್ಕಾಗಿ. ಹಿಡಿದುದು ಎಲ್ಲರಿಗೂ ಕಾಣುವಂತೆ ಇರುತ್ತದೆ. ಹಿಡಿದ ಕೈಯನ್ನು ಮರೆಮಾಚಿ, “ನೋಡಿರಿ, ಮಗು ಎಷ್ಟು ಚೆನ್ನಾಗಿ ಮಾಡಿದೆ!” ಎನ್ನುವಲ್ಲಿ ದೋಷವಿದೆ. ಮಗುವಿಗೆ ಸತ್ಯವು ತಿಳಿದಿರುತ್ತದೆ. ತಾನು ಮಾಡದುದಕ್ಕೆ ಹೊಗಳಿಕೆ ದೊರೆಯುವುದೆಂಬ ಪಾಠವನ್ನು ಅದು ಆ ದಿನ ಕಲಿಯುತ್ತದೆ. ಈ ಪಾಠದ ಫಲವನ್ನು ಪರೀಕ್ಷಾಮಂದಿರಗಳಲ್ಲಿಯೂ ಕಚೇರಿಗಳಲ್ಲಿಯೂ ಲೋಕವು ಕಾಣುತ್ತಲೇ ಇದೆ.

ಪ್ರೇರಣೆಯಿಂದಲೇ ಕರ್ತೃತ್ವವು ಕೆಡುವುದೆಂದು ಭಾವಿಸಬಾರದು. 1494ರ ಜನವರಿಯಲ್ಲಿ ಫ್ಲಾರೆನ್ಸ್ ನಗರದಲ್ಲಿ ಅಪಾರವಾಗಿ ಹಿಮ ಬಿದ್ದಾಗ, ಪಿಯೆರೊ ದೆ ಮೆದಿಚಿಯೆಂಬ ಪ್ರಭುವು ತನ್ನ ಅರಮನೆಯ ಅಂಗಳದಲ್ಲಿ ಹಿಮದ ಪ್ರತಿಮೆಯನ್ನು ಮಾಡೆಂದು ಹತ್ತೊಂಬತ್ತು ತುಂಬದ ಮೈಕೆಲೇಂಜೆಲೊಗೆ ಹೇಳಿದನು. ಹೇಳಿದವನು ಪ್ರಭು, ಆದರೂ ಆ ಪ್ರತಿಮೆಯನ್ನು ಇಂದಿಗೂ ಜನರು ನೆನೆಯುವುದು ಶಿಲ್ಪಿಯ ಹೆಸರಿನಿಂದ. ಪ್ರಭುವು ಉಳಿಯನ್ನು ತಾನು ಹಿಡಿಯಲಿಲ್ಲ. 1511ರ ದೀರ್ಘವಾದ ಚಳಿಗಾಲದಲ್ಲಿ ಬ್ರಸೆಲ್ಸ್ ನಗರದ ಜನರು ಬೀದಿಬೀದಿಗಳಲ್ಲಿ ನೂರಕ್ಕೂ ಹೆಚ್ಚು ಹಿಮಪ್ರತಿಮೆಗಳನ್ನು ನಿಲ್ಲಿಸಿದರು. ಅವೆಲ್ಲವೂ ನೀರಾಗಿ ಹೋದುವು. ಮಾಡಿದರೆಂಬುದು ಮಾತ್ರ ನಿಂತಿದೆ. 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗಾಗಿ ಚಿತ್ರಶಾಲೆಯನ್ನು ತೆರೆದ ಫ್ರಾಂಟ್ಸ್ ಚಿಜೆಕ್ ಎಂಬ ಉಪಾಧ್ಯಾಯನೂ ನಕಲು ಮಾಡಿಸುವ ಪದ್ಧತಿಯನ್ನು ಬಿಟ್ಟು, ಮಕ್ಕಳ ಕಲ್ಪನೆಗೆ ಎಡೆಗೊಟ್ಟನು.

ಹಾಗಾದರೆ ಹಿರಿಯರು ಕೈಕಟ್ಟಿ ಕುಳಿತಿರಬೇಕೆ? ಹಾಗಲ್ಲ. ಸೌಲಭ್ಯವು ದ್ರವ್ಯದಲ್ಲಿರಲಿ, ನಿಶ್ಚಯದಲ್ಲಿ ಬೇಡ. ಎರಡು ಬಟ್ಟಲು ಮೈದಾಹಿಟ್ಟಿಗೆ ಒಂದು ಬಟ್ಟಲು ಉಪ್ಪನ್ನು ಬೆರಸಿ, ಒಂದು ಬಟ್ಟಲಿನಷ್ಟು ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ನಾದಿದರೆ ಬಿಳಿಯ ಕಣಕವು ಸಿದ್ಧವಾಗುತ್ತದೆ. ಅದನ್ನು ಮಗುವು ಹಿಮದಂತೆಯೇ ಉಂಡೆ ಮಾಡಬಲ್ಲದು, ಕೆಡಿಸಿ ಮತ್ತೆ ಮಾಡಬಲ್ಲದು. ಉಪ್ಪು ವಿಶೇಷವಾಗಿರುವುದರಿಂದ ಅದನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳುವುದು ಹಿರಿಯರ ಕೆಲಸ. ಮೂರು ವರ್ಷ ತುಂಬದ ಶಿಶುವಿನ ಬಳಿ ಗುಂಡಿ, ಮಣಿ ಮೊದಲಾದ ಸಣ್ಣ ವಸ್ತುಗಳು ಇರಕೂಡದು. ಅವು ಗಂಟಲಿಗೆ ಸಿಕ್ಕಿ ಪ್ರಾಣಾಪಾಯವಾದೀತು. ಕತ್ತರಿಯ ತುದಿ ಮೊಂಡಾಗಿರಬೇಕು. ಇವಿಷ್ಟನ್ನು ನೋಡಿಕೊಂಡ ಮೇಲೆ ಕಣ್ಣು ಎರಡಿರಲಿ ಮೂರಿರಲಿ, ಮೂಗು ಹಣೆಯಲ್ಲಿರಲಿ ಹೊಟ್ಟೆಯಲ್ಲಿರಲಿ, ಅದು ಕರ್ತೃವಿಗೆ ಬಿಟ್ಟದ್ದು. ಮಗುವು ತಾನಾಗಿ ಕೇಳಿದರೆ ಹೇಳಬೇಕು, ಅಳುತ್ತಿದ್ದರೆ ಸಮಾಧಾನಪಡಿಸಬೇಕು, ಬೊಂಬೆಯನ್ನು ಮಾತ್ರ ಮುಟ್ಟಬಾರದು.

ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲಸಿರುವ ಕನ್ನಡ ಕುಟುಂಬಗಳು ಅನೇಕ. ಚಳಿಗಾಲದಲ್ಲಿ ಅಲ್ಲಿಗೆ ಹೋದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಬಳಿ ಕುಳಿತು ಹತ್ತಿಯನ್ನು ಬಿಡಿಸಿಕೊಡುವ ಸಂದರ್ಭವು ಬರುವುದು ಸಹಜ. ಅವರಿಗೆ ಒಂದು ಪ್ರಲೋಭನವು ತಪ್ಪದು. ಬೊಂಬೆಯು ಅಂದವಾಗಿದ್ದರೆ ಗೋಡೆಗೆ ತೂಗುಹಾಕಬಹುದು, ಚಿತ್ರ ತೆಗೆದು ಊರಿಗೆ ಕಳುಹಿಸಬಹುದು ಎಂಬ ಆಸೆಯೇ ಅದು. ಆ ಆಸೆಯು ಮಗುವಿನದಲ್ಲ. ಮಗುವು ಮರುದಿನವೇ ಆ ಬೊಂಬೆಯನ್ನು ಮರೆತು ಬೇರೆ ಆಟಕ್ಕೆ ಹೋಗುತ್ತದೆ. ಫಲವನ್ನು ಕಾಪಾಡಿಕೊಳ್ಳುವವರು ಹಿರಿಯರು; ಕ್ರಿಯೆಯಲ್ಲಿ ತೃಪ್ತಿಪಡುವುದು ಮಗು. ಅಂಗಳದ ಬೊಂಬೆಯಾದರೊ ಬಿಸಿಲೇರಿದಾಗ ಕರಗಿ, ಗಜ್ಜರಿಯೊಂದನ್ನು ನೆಲದ ಮೇಲೆ ಉಳಿಸಿ ಹೋಗುವುದರಿಂದ, ಅದರಲ್ಲಿ ಹಿರಿಯರ ಆಸೆಗೆ ಅಷ್ಟು ಅವಕಾಶವಿಲ್ಲ. ಮನೆಯೊಳಗಿನ ಬೊಂಬೆಯು ಉಳಿಯತಕ್ಕದ್ದಾದುದರಿಂದಲೇ ಅಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕೆನ್ನೆಯ ಮೇಲೆ ಮೂಗಿರುವ ಬೊಂಬೆಯನ್ನು ಇದ್ದಹಾಗೆಯೇ ಗೋಡೆಗೆ ತೂಗುಹಾಕಿ, ಬಂದವರೊಡನೆ “ಇದನ್ನು ನಮ್ಮ ಮಗು ಮಾಡಿತು” ಎಂದು ಹೇಳುವ ಮನೆಯಲ್ಲಿ ಆ ಮಾತು ನಿಜವಾಗಿರುತ್ತದೆ. ಅದನ್ನು ಕೇಳುತ್ತ ನಿಂತ ಮಗುವಿಗೂ ಅದು ನಿಜವೆಂದು ಗೊತ್ತಿರುತ್ತದೆ.